ಉಳ್ಳೂರಿನ ಕಿವಿಮಿಷನ್ ಅಂಗಡಿ

ಪ್ರೇಮಳಿಗೆ ಕಿವಿ ಕೇಳಿಸುವುದಿಲ್ಲ ಎಂದು ಮನೆಯವರಿಗೆ ಖಾತ್ರಿಯಾದದ್ದು ಅವಳಿಗೆ ಮೂರು ತುಂಬುವ ಹೊತ್ತಿಗೆ. ಎರ್ನಾಕುಳಂನ ಎಡಪ್ಪಳ್ಳಿಯಲ್ಲಿ ಅವರ ಬಾಡಿಗೆ ಮನೆಯ ಎದುರಿಗೇ ಒಂದು ಲಾರಿಯ ಟಯರು ಸಿಡಿಯಿತು. ಅಡುಗೆಮನೆಯಲ್ಲಿದ್ದ ತಾಯಿ ದಾಕ್ಷಾಯಣಿ ಕೈಯಲ್ಲಿದ್ದ ಪಾತ್ರೆ ಬಿಟ್ಟು ಓಡಿ ಬಂದಳು. ಅಕ್ಕಪಕ್ಕದವರೆಲ್ಲ ಗೇಟಿಗೆ ಬಂದು ನಿಂತಿದ್ದರು. ಮಗು ಮಾತ್ರ ಜಗಲಿಯಲ್ಲಿ ರಸ್ತೆಗೆ ಬೆನ್ನು ಹಾಕಿ ಕುಳಿತು ತೆಂಗಿನ ಚಿಪ್ಪಿಗೆ ಮರಳು ತುಂಬಿಸುತ್ತಿತ್ತು. ತಲೆ ಕೂಡ ಎತ್ತಲಿಲ್ಲ.

ದಾಕ್ಷಾಯಣಿಯ ಗಂಡ ಯಜ್ಞನಾರಾಯಣ ಉಡುಪಿಯ ಕಡೆಯವನು, ಬ್ಯಾಂಕಿನ ಎರ್ನಾಕುಳಂ ಶಾಖೆಯಲ್ಲಿ ಅಕೌಂಟೆಂಟ್. ವರ್ಗವಾಗಿ ಬಂದಾಗ ತಾಯಿ ಚಂದ್ರಾವತಿಯಮ್ಮನನ್ನೂ ಕರೆದುಕೊಂಡು ಬಂದಿದ್ದ. ಅವನು ಮಗಳನ್ನು ಎರ್ನಾಕುಳಂನ ಡಾಕ್ಟರಿಗೂ ಮದ್ರಾಸಿನ ಡಾಕ್ಟರಿಗೂ ತೋರಿಸಿದ. ನರದ ದೋಷ, ಇದಕ್ಕೆ ಮದ್ದಿಲ್ಲ, ಸ್ವಲ್ಪ ಶಕ್ತಿ ಉಳಿದಿದೆ ಅಷ್ಟೆ ಎಂದು ಇಬ್ಬರೂ ಹೇಳಿದರು.

ಹಾಗೆಂದು ಆ ಮನೆಯಲ್ಲಿ ಮಗುವಿನ ಮಾತು ನಿಂತಿರಲಿಲ್ಲ. ಚಂದ್ರಾವತಿಯಮ್ಮ ಯಾರೂ ಹೇಳಿಕೊಡದೆ ಮೊಮ್ಮಗಳೊಂದಿಗೆ ಕೈಯಲ್ಲಿ ಮಾತಾಡಲು ಶುರುಮಾಡಿದ್ದರು. ಎರಡು ಬೆರಳು ಕೂಡಿಸಿ ಕುಕ್ಕಿದರೆ ಕಾಗೆ. ಕಣ್ಣಿನ ಮುಂದೆ ಎರಡು ಉಂಗುರ ಮಾಡಿದರೆ ಕನ್ನಡಕದ ಅಪ್ಪ. ಮೂಗು ಹಿಡಿದರೆ ಪಕ್ಕದ ಮನೆಯವರು ಒಣಗಲು ಹಾಕಿದ ಮೀನು. ಮಗು ತನ್ನದನ್ನೂ ಸೇರಿಸುತ್ತಿತ್ತು. ಒಂದು ದಿನ ಅದು ಉಂಗುರ ಮಾಡಿತು, ಮೂಗು ಹಿಡಿಯಿತು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಆಚೆ ಈಚೆ ನೋಡಿ ಅಗಿದಂತೆ ಮಾಡಿತು. ಅಪ್ಪ ಕದ್ದು ಮೀನು ತಿಂದ ಎಂಬ ಕಥೆ ಅದು. ಅಜ್ಜಿ ಅರ್ಥ ಹೇಳಿದಾಗ ಯಜ್ಞನಾರಾಯಣನಿಗೂ ನಗು ತಡೆಯಲಾಗಲಿಲ್ಲ.

೧೯೬೯ರಲ್ಲಿ ಎರ್ನಾಕುಳಂನ ಎಂ.ಜಿ. ರೋಡಿನಲ್ಲಿ ವೆಸ್ಟ್ರುಪ್ ಎಂಬ ಡೆನ್ಮಾರ್ಕಿನ ಕಂಪನಿ ಶ್ರವಣಯಂತ್ರದ ಅಂಗಡಿ ತೆರೆಯಿತು. ಜನ ಅದನ್ನು ಕಿವಿಮಿಷನ್ ಅಂಗಡಿ ಎನ್ನುತ್ತಿದ್ದರು. ಗಾಜಿನ ಬಾಗಿಲು, ಒಳಗೆ ತಂಪು, ಗೋಡೆಯ ಮೇಲೆ ಪ್ರಪಂಚದ ದೊಡ್ಡ ಭೂಪಟ. ಕಂಪನಿಯ ಅಂಗಡಿ ಇರುವ ಊರುಗಳಲ್ಲೆಲ್ಲ ಒಂದೊಂದು ಕೆಂಪು ಬಲ್ಬು. ಸಿಂಗಾಪುರ, ನೈರೋಬಿ, ಕೊಲಂಬೊ, ಬೊಂಬಾಯಿ, ಮದ್ರಾಸು, ಈಗ ಎರ್ನಾಕುಳಂ. ಬಾಗಿಲು ತೆರೆದ ಮೊದಲ ವಾರದಲ್ಲಿ ಕಿವಿ ಕೇಳುವವರೇ ಭೂಪಟ ನೋಡಲು ಬಂದು ಹೋದರು.

ಅಂಗಡಿಯ ಮ್ಯಾನೇಜರ್ ದಾಮೋದರ ಪ್ರಭು ಮಟ್ಟಾಂಚೇರಿಯ ಕೊಂಕಣಿಯವರು. ತಾಯಿ ಮೂಲ್ಕಿಯವರಾದದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು. ಯಜ್ಞನಾರಾಯಣ ಬ್ಯಾಂಕಿನ ಕೌಂಟರಿನಲ್ಲಿ ಅವರ ಪರಿಚಯ ಮಾಡಿಕೊಂಡು ಮಗಳ ವಿಷಯ ಹೇಳಿದ.

"ಮುಂದಿನ ತಿಂಗಳು ನಮ್ಮ ಕ್ಲಾಸನ್ ಬರ್ತಾರೆ. ಡೆನ್ಮಾರ್ಕಿನವರು, ಮಕ್ಕಳ ಕೇಸು ಅವರೇ ನೋಡುವುದು. ಕರ್ಕೊಂಡು ಬನ್ನಿ" ಎಂದರು ಪ್ರಭುಗಳು.

ಕ್ಲಾಸನ್ ಎತ್ತರದ, ಮೆತ್ತಗೆ ಮಾತಾಡುವ ಮನುಷ್ಯ. ಅರ್ಧ ದಿನ ಪ್ರೇಮಳ ಪರೀಕ್ಷೆ ಮಾಡಿದ. ಗುಲಾಬಿ ಬಣ್ಣದ, ಹಿಟ್ಟಿನಂಥ ಏನನ್ನೋ ಕಿವಿಯೊಳಗೆ ತುಂಬಿ ಅಚ್ಚು ತೆಗೆದ. ಅಚ್ಚು ಬೊಂಬಾಯಿಗೆ ಹೋಗಿ ಗಟ್ಟಿಯಾಗಿ ಬಂದ ಮೇಲೆ ಯಂತ್ರ ಹಾಕಿದ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ ಎದೆಯ ಮೇಲೆ ಬಟ್ಟೆಯ ಚೀಲದಲ್ಲಿ, ಅದರಿಂದ ಮೇಲಕ್ಕೆ ಒಂದು ತೆಳು ವಯರು, ವಯರಿನ ತುದಿಗೆ ಕಿವಿಯ ಅಚ್ಚಿಗೆ ಕೂರುವ ಗುಂಡಿಯಂಥ ರಿಸೀವರ್.

"ಅಮ್ಮ ಹಿಂದೆ ನಿಂತು ಕರೆಯಲಿ" ಎಂದ.

ದಾಕ್ಷಾಯಣಿ ಮಗಳ ಬೆನ್ನ ಹಿಂದೆ ನಿಂತಳು. "ಪ್ರೇಮಾ" ಎಂದಳು. ಮಗು ತನ್ನ ಎದೆಯ ಪೆಟ್ಟಿಗೆ ಮುಟ್ಟಿ ನೋಡಿಕೊಂಡಿತು. ಇನ್ನೊಮ್ಮೆ ಕರೆದಳು. ಮಗು ತಿರುಗಿತು. ಯಜ್ಞನಾರಾಯಣ ಗೋಡೆಯ ಕಡೆಗೆ ಮುಖ ಮಾಡಿ ಕನ್ನಡಕ ಒರೆಸುತ್ತ ನಿಂತ.

ಹೊರಡುವ ಮೊದಲು ಕ್ಲಾಸನ್ ಅವರನ್ನು ಕೂರಿಸಿ ಕೆಲವು ಮಾತು ಹೇಳಿದ. ಪ್ರಭುಗಳು ಕನ್ನಡದಲ್ಲಿ ತಿಳಿಸಿದರು. ಎಚ್ಚರ ಇರುವಷ್ಟು ಹೊತ್ತೂ ಯಂತ್ರ ಹಾಕಿರಬೇಕು. ಮಗುವಿಗೆ ಒಂದೇ ಭಾಷೆ ಕೇಳಿಸಬೇಕು. ಮನೆಯಲ್ಲಿ ಕನ್ನಡ, ಹೊರಗೆ ಮಲಯಾಳ, ಶಾಲೆಯಲ್ಲಿ ಇಂಗ್ಲಿಷ್ ಆದರೆ ಯಾವುದೂ ಹತ್ತುವುದಿಲ್ಲ. ಶಾಲೆಗೆ ಬೇಕಾದದ್ದು ಇಂಗ್ಲಿಷ್, ಅದನ್ನೇ ಹಿಡಿಯಲಿ. ಇನ್ನು ಕೈಸನ್ನೆ ಪೂರ್ತಿ ನಿಲ್ಲಬೇಕು. ಕೈ ಆಡಿಸಿ ಬೇಕಾದದ್ದು ಸಿಕ್ಕಿದರೆ ಮಗು ಬಾಯಿ ತೆರೆಯುವುದೇ ಇಲ್ಲ.

"ಕಟ್ಟುನಿಟ್ಟಾಗಿರಬೇಕಂತೆ" ಎಂದರು ಪ್ರಭುಗಳು. "ಕನಿಕರ ತೋರಿಸಿದರೆ ಮಗುವಿಗೇ ನಷ್ಟ ಅಂತಾರೆ."

ಅದನ್ನು ಅತ್ತೆಗೆ ಹೇಳುವ ಕೆಲಸ ದಾಕ್ಷಾಯಣಿಯ ಪಾಲಿಗೆ ಬಂತು.

"ಅತ್ತೆ, ಇನ್ನು ಕೈಯಲ್ಲಿ ತೋರಿಸ್ಬೇಡಿ. ಅದು ಅಭ್ಯಾಸ ಆದರೆ ಮಾತು ಬರುವುದಿಲ್ಲವಂತೆ."

"ಮತ್ತೆ ನಾನು ಎಂತದರಲ್ಲಿ ಮಾತಾಡುವುದು? ಇಂಗ್ಲಿಷಿನಲ್ಲಾ?"

"ನಾನು ಹೇಳಿಕೊಡ್ತೇನೆ. ಸದ್ಯಕ್ಕೆ ನಾಲ್ಕು ಶಬ್ದ ಸಾಕು."

"ಆಯ್ತು. ಅದಕ್ಕೆ ಮಾತು ಬರುವುದಾದರೆ ನನ್ನದೆಂತ ಉಂಟು" ಎಂದರು ಚಂದ್ರಾವತಿಯಮ್ಮ. ಕಮ್, ಮಿಲ್ಕ್, ಗುಡ್ ಎಂಬ ಶಬ್ದಗಳನ್ನು ಕಲಿತರು. ಜಗಲಿಯಲ್ಲಿ ಮೊಮ್ಮಗಳ ಎದುರು ಕುಳಿತಾಗ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಿರುತ್ತಿದ್ದರು. ಪ್ರೇಮ ಮೊದಲಿಗೆ ಕಾಗೆ ಮಾಡಿ ತೋರಿಸಿ, ಅಜ್ಜಿ ಏನೂ ಮಾಡದಿದ್ದಾಗ ಸೆರಗು ಎಳೆದು ಒಳಗಿನ ಕೈ ಹುಡುಕುತ್ತಿದ್ದಳು. ದಾಕ್ಷಾಯಣಿ ಬಂದು ಮಗಳ ಬೆರಳುಗಳನ್ನು ಒಟ್ಟಿಗೆ ಹಿಡಿದು ಮಡಿಲಲ್ಲಿ ಇಡುತ್ತಿದ್ದಳು. "ಸೇ ಇಟ್, ಪ್ರೇಮಾ. ಸೇ ಇಟ್." ಮಗು ಒದ್ದಾಡುತ್ತಿತ್ತು, ಅಳುತ್ತಿತ್ತು. ದಾಕ್ಷಾಯಣಿ ಬಿಡುತ್ತಿರಲಿಲ್ಲ.

ಮೊದಲ ಶಬ್ದ ಬರಲು ಬಹಳ ತಿಂಗಳು ಹಿಡಿಯಿತು. ಬಂದದ್ದು "ಬಸ್". ಆಮೇಲೆ ವಾಟರ್, ಶೂ, ನೋ. ಆಮೇಲೆ ಸಾಲಾಗಿ ಬಂದವು. ಆರು ವರ್ಷಕ್ಕೆ ಪ್ರೇಮ ಕಾನ್ವೆಂಟಿನಲ್ಲಿ ಉಳಿದ ಮಕ್ಕಳ ಜೊತೆ ಕುಳಿತಳು. ದನಿ ಸ್ವಲ್ಪ ದಪ್ಪ, ಉಚ್ಚಾರ ಅಷ್ಟು ಸ್ಪಷ್ಟವಲ್ಲ. ಆದರೆ ಹೇಳಿದ್ದು ಅರ್ಥವಾಗುತ್ತಿತ್ತು.

ಕಂಪನಿಗೆ ಇಂಥ ಇನ್ನೊಂದು ಮಗು ಸಿಕ್ಕಿರಲಿಲ್ಲ. ಪ್ರಭುಗಳು ದಾಕ್ಷಾಯಣಿಗೆ ಅಂಗಡಿಯಲ್ಲಿ ಕೆಲಸ ಕೊಟ್ಟರು. ಯಂತ್ರ ಹಾಕಿಸಿಕೊಳ್ಳಲು ಬಂದವರಿಗೆ ಅದನ್ನು ತೋರಿಸಿಕೊಡುವುದು, ಧೈರ್ಯ ಹೇಳುವುದು, ಅಚ್ಚು ತೆಗೆಯುವುದು. ಎರಡು ತಿಂಗಳು ಮದ್ರಾಸಿಗೆ ಹೋಗಿ ಕಲಿತು ಬಂದಳು. ಶನಿವಾರ ಮಧ್ಯಾಹ್ನ ಪ್ರೇಮಳೂ ಅಂಗಡಿಗೆ ಬರುತ್ತಿದ್ದಳು. ಗಿರಾಕಿಗಳ ಎದುರು ಸ್ಟೂಲಿನ ಮೇಲೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು. ದಾಕ್ಷಾಯಣಿ ಒಂದೊಂದೇ ಶಬ್ದ ಹೇಳುತ್ತಿದ್ದಳು, ಮಗಳು ಅದನ್ನು ಹಾಗೆಯೇ ತಿರುಗಿ ಹೇಳುತ್ತಿದ್ದಳು. ಕಿವುಡು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದ ತಾಯಂದಿರು ಅಲ್ಲೇ ಅತ್ತುಬಿಡುತ್ತಿದ್ದರು. ಕ್ಲಾಸನ್ ಮತ್ತೆ ಬಂದಾಗ ಪ್ರೇಮಳ ಫೋಟೋ ತೆಗೆದ. ಎರಡು ಜಡೆ, ಎದೆಯ ಮೇಲೆ ಪೆಟ್ಟಿಗೆ, ಬಾಯ್ತುಂಬ ನಗು. ಆ ಫೋಟೋ ಕಂಪನಿಯ ಪುಸ್ತಿಕೆಯಲ್ಲಿ ಅಚ್ಚಾಗಿ ಎಲ್ಲ ಊರಿನ ಅಂಗಡಿಗೂ ಹೋಯಿತು.

೧೯೭೨ರಲ್ಲಿ ವೆಸ್ಟ್ರುಪ್ ತಿರುವನಂತಪುರದ ಉಳ್ಳೂರಿನಲ್ಲಿ ಇನ್ನೊಂದು ಅಂಗಡಿ ತೆರೆದಾಗ ಅದನ್ನು ದಾಕ್ಷಾಯಣಿಗೇ ಒಪ್ಪಿಸಿತು. ಮೆಡಿಕಲ್ ಕಾಲೇಜು ಹತ್ತಿರ, ಕಿವಿಯ ರೋಗಿಗಳು ಅಲ್ಲಿಂದಲೇ ಬರುತ್ತಾರೆ ಎಂಬುದು ಲೆಕ್ಕ. ಯಜ್ಞನಾರಾಯಣ ಕೇಳಿಕೊಂಡು ತಿರುವನಂತಪುರದ ಶಾಖೆಗೆ ವರ್ಗ ಮಾಡಿಸಿಕೊಂಡ. ಚಂದ್ರಾವತಿಯಮ್ಮ ಮಾತ್ರ ಬರಲು ಒಪ್ಪಲಿಲ್ಲ. ಕುಂದಾಪುರದ ದೊಡ್ಡ ಮಗನ ಮನೆಗೆ ಹೋಗುತ್ತೇನೆ ಎಂದರು.

ಅವರನ್ನು ರೈಲು ಹತ್ತಿಸಲು ಎಲ್ಲರೂ ಸ್ಟೇಷನ್ನಿಗೆ ಹೋಗಿದ್ದರು. ರೈಲು ಕದಲಿದಾಗ ಚಂದ್ರಾವತಿಯಮ್ಮ ಕಿಟಕಿಯಿಂದ ಕೈ ಹೊರಗೆ ಹಾಕಿ ಎರಡು ಬೆರಳು ಕೂಡಿಸಿ ಕುಕ್ಕಿ ತೋರಿಸಿದರು. ಪ್ರೇಮ ಅಮ್ಮನ ಮುಖ ನೋಡಿದಳು. ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಬೈ ಬೈ ಗ್ರ್ಯಾನಿ" ಎಂದು ಚೆನ್ನಾಗಿ ಹೇಳಿದಳು. ಚಂದ್ರಾವತಿಯಮ್ಮ ಮುಂದಿನ ವರ್ಷ ಕುಂದಾಪುರದಲ್ಲೇ ತೀರಿಕೊಂಡರು.

ಉಳ್ಳೂರಿನ ಅಂಗಡಿ ಚೆನ್ನಾಗಿ ನಡೆಯಿತು. ಕಾಲೇಜಿನ ಮೇಷ್ಟ್ರುಗಳು, ನಿವೃತ್ತ ಜಡ್ಜುಗಳು ಬಂದರು. ಕಡಲತಡಿಯ ವಿಳಿಂಜದಿಂದ ಮೀನು ಮಾರುವ ಫಿಲೋಮಿನ ಎಂಬ ಐವತ್ತರ ಹೆಂಗಸು ಬಂದಳು. ಜ್ವರದ ಮೇಲೆ ಅವಳ ಕಿವಿ ಹೋಗಿತ್ತು. ದೋಣಿ ದಡಕ್ಕೆ ಬಂದಾಗ ಮೀನನ್ನು ಕೂಗಿ ಏಲಂ ಹಾಕುತ್ತಾರೆ. ಆ ಕೂಗು ಕೇಳಿಸದೆ ಅವಳ ವ್ಯಾಪಾರ ನಿಂತುಹೋಗಿತ್ತು. ಬಂಗಾರದ ಬಳೆ ಮಾರಿ ಯಂತ್ರ ಕೊಂಡಳು. ಮತ್ತೆ ಒಮ್ಮೆ ಆ ಕಡೆ ಬಂದಾಗ ಅಂಗಡಿಯ ಬಾಗಿಲಲ್ಲಿ ನಿಂತು, "ಮೋಳೇ, ಮಗಳೇ, ಈಗ ನನ್ನನ್ನು ಯಾರೂ ಏಮಾರಿಸಲಿಕ್ಕಾಗುವುದಿಲ್ಲ" ಎಂದು ಮಲಯಾಳದಲ್ಲಿ ಹೇಳಿ ನಕ್ಕು ಹೋದಳು. ಮೀನಿನ ಬುಟ್ಟಿ ಇತ್ತೆಂದು ಒಳಗೆ ಬರಲಿಲ್ಲ.

ದಾಕ್ಷಾಯಣಿಗೆ ಆ ವರ್ಷಗಳಲ್ಲಿ ಬೇರೆ ಯೋಚನೆ ಇರಲಿಲ್ಲ. ಮಗಳು ಬೆಳೆಯುತ್ತಿದ್ದಳು, ಕಿವಿಯೂ ಬೆಳೆಯುತ್ತಿತ್ತು. ಅಚ್ಚು ಸಡಿಲವಾದರೆ ಯಂತ್ರ ಸಿಳ್ಳೆ ಹೊಡೆಯುತ್ತದೆ. ವರ್ಷಕ್ಕೆರಡು ಸಲ ಹೊಸ ಅಚ್ಚು ತೆಗೆದು ಬೊಂಬಾಯಿಗೆ ಕಳಿಸುತ್ತಿದ್ದಳು. ಬೆವರಿಗೂ ಸಮುದ್ರದ ಗಾಳಿಗೂ ವಯರು ಹಸಿರು ಕಟ್ಟಿ ತುಂಡಾಗುತ್ತಿತ್ತು. ಮೇಜಿನ ಖಾನೆಯಲ್ಲಿ ವಯರಿನ ಕಟ್ಟೇ ಇರುತ್ತಿತ್ತು, ಹೊಸದು ತೆಗೆದು ಹಾಕಿದರೆ ಆಯಿತು.

೧೯೭೬ರ ಓಣಂ ಕಳೆದ ಮೇಲೆ ಒಂದು ದಿನ ದಾಮೋದರ ಪ್ರಭುಗಳು ಹೇಳದೆ ಕೇಳದೆ ಎರ್ನಾಕುಳಂನಿಂದ ಬಂದರು. ಅಂಗಡಿಯಲ್ಲಿದ್ದ ಗಿರಾಕಿ ಹೋಗುವವರೆಗೆ ಇಲ್ಲಿಯೂ ಗೋಡೆಯ ಮೇಲಿದ್ದ ಭೂಪಟದ ಎದುರು ನಿಂತಿದ್ದರು. ಆಮೇಲೆ, "ಬಾಗಿಲು ಹಾಕಿ ಸ್ವಲ್ಪ ಕೂತ್ಕೊಳ್ಳಿ, ದಾಕ್ಷಾಯಣಿಯಮ್ಮ" ಎಂದರು.

ಅವಳು ಕುಳಿತಳು.

"ಈ ವರ್ಷದ ಕೊನೆಗೆ ಮುಚ್ಚುವುದಂತೆ. ಇದೊಂದೇ ಅಲ್ಲ. ಎರ್ನಾಕುಳಂ, ಮದ್ರಾಸು, ಬೊಂಬಾಯಿ, ಎಲ್ಲ."

"ಯಾಕೆ? ವ್ಯಾಪಾರ ಉಂಟಲ್ಲ?"

"ವ್ಯಾಪಾರ ಉಂಟು. ಪರದೇಶದ ಕಂಪನಿಗಳು ಇಲ್ಲಿರಬೇಕಾದರೆ ಹೆಚ್ಚಿನ ಪಾಲು ಇಲ್ಲಿಯವರಿಗೆ ಬಿಟ್ಟುಕೊಡಬೇಕು ಅಂತ ಕಾನೂನು ಬಂದಿದೆಯಲ್ಲ. ಎರಡು ವರ್ಷ ಅರ್ಜಿ ಹಾಕಿ ನೋಡಿದರು. ಈಗ ಬೇಡ ಅಂತ ತೀರ್ಮಾನ ಮಾಡಿದ್ದಾರೆ. ಪಾಲು ಕೊಟ್ಟು ಇರುವುದಕ್ಕಿಂತ ಬಿಟ್ಟು ಹೋಗುವುದು ಅವರಿಗೆ ಸುಲಭ. ಕುವೈತಿನಲ್ಲಿ ಎರಡು ಹೊಸ ಅಂಗಡಿ ತೆರೀತಾರಂತೆ."

"ಮಿಷನ್ ತಗೊಂಡವರು ಎಂತ ಮಾಡ್ಬೇಕು?"

"ಅದನ್ನು ನಾನೂ ಕೇಳಿದೆ. ಗ್ಯಾರಂಟಿ ಇದ್ದವರಿಗೆ ಹಣ ವಾಪಸು. ಉಳಿದವರದ್ದು ಅವರವರ ಜವಾಬ್ದಾರಿ ಅಂದರು."

ದಾಕ್ಷಾಯಣಿ ಮೇಜಿನ ಮೇಲಿದ್ದ ಅಚ್ಚಿನ ಡಬ್ಬಿಯ ಮುಚ್ಚಳ ಸರಿಮಾಡಿದಳು. "ಪ್ರೇಮಳ ವಿಷಯ ಹೇಳಿದಿರಾ?"

"ಹೇಳಿದೆ. ಕ್ಲಾಸನ್ ಈಗ ಅಲ್ಲಿಲ್ಲ, ಬಿಟ್ಟು ಹೋಗಿ ವರ್ಷ ಆಯ್ತಂತೆ. ಹೊಸಬರಿಗೆ ಪ್ರೇಮ ಅಂದರೆ ಯಾರು ಅಂತ ಗೊತ್ತಿಲ್ಲ." ಪ್ರಭುಗಳು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. "ನನಗೂ ಐವತ್ತೆರಡು. ನಾನು ಇನ್ನೆಂತ ಮಾಡುವುದೋ ಗೊತ್ತಿಲ್ಲ."

ಡಿಸೆಂಬರಿನಲ್ಲಿ ಬೊಂಬಾಯಿಯಿಂದ ಇಬ್ಬರು ಬಂದು ಪೆಟ್ಟಿಗೆಗಳಲ್ಲಿ ಎಲ್ಲವನ್ನೂ ತುಂಬಿಸಿಕೊಂಡರು. ಭೂಪಟವನ್ನು ಬಲ್ಬು ಕಳಚಿ ಸುರುಳಿ ಸುತ್ತಿದರು. ದಾಕ್ಷಾಯಣಿ ಕೇಳಿಕೊಂಡದ್ದಕ್ಕೆ ಒಂದಷ್ಟು ವಯರುಗಳನ್ನೂ ಒಂದು ಹೆಚ್ಚುವರಿ ರಿಸೀವರನ್ನೂ ಬಿಟ್ಟರು. ಒಂದು ವಯರನ್ನು ಅವಳು ಫಿಲೋಮಿನಳಿಗಾಗಿ ತೆಗೆದಿಟ್ಟಳು.

ಮರುವರ್ಷ ಬೇಸಿಗೆ ಬರುವ ಹೊತ್ತಿಗೆ ಪ್ರೇಮಳ ಅಚ್ಚು ಸಡಿಲವಾಯಿತು. ಅವಳಿಗೆ ಆಗ ಹನ್ನೆರಡು, ಬೇಗಬೇಗ ಬೆಳೆಯುವ ವಯಸ್ಸು. ತರಗತಿಯಲ್ಲಿ ಯಂತ್ರ ಸಿಳ್ಳೆ ಹೊಡೆಯತೊಡಗಿತು. ಮಕ್ಕಳು ನಕ್ಕರು. ಅದನ್ನು ಸಣ್ಣದು ಮಾಡು ಎಂದು ಟೀಚರು ಹೇಳಿದರು. ಸಣ್ಣದು ಮಾಡಿದರೆ ಏನೂ ಕೇಳಿಸುತ್ತಿರಲಿಲ್ಲ. ದಾಕ್ಷಾಯಣಿ ಹಲ್ಲಿನ ಡಾಕ್ಟರೊಬ್ಬರನ್ನು ಕಾಡಿ ಬೇಡಿ ಹೊಸ ಅಚ್ಚು ಮಾಡಿಸಿದಳು. ಅದು ಕಿವಿಯನ್ನು ಕೊರೆದು ಹುಣ್ಣಾಯಿತು.

ಪಕ್ಕದ ಮನೆಯಲ್ಲಿ ನಟರಾಜ ಎಂಬ ಮೈಸೂರಿನ ಎಂಜಿನಿಯರ್ ಇದ್ದ. ಹತ್ತಿರದ ತುಂಬಾ ಎಂಬ ಊರಿನ ರಾಕೆಟ್ ಕೇಂದ್ರದಲ್ಲಿ ಅವನಿಗೆ ಎಲೆಕ್ಟ್ರಾನಿಕ್ಸ್ ವಿಭಾಗದ ಕೆಲಸ. ವಯರು ಮುಗಿದಾಗ ಅವನು ತನ್ನ ಆಫೀಸಿನ ಸಣ್ಣ ವಯರು ಬೆಸೆದು ಒಂದೆರಡು ಸಲ ಮಾಡಿಕೊಟ್ಟ. ಕೊನೆಗೆ ರಿಸೀವರೇ ಸತ್ತಿತು. ಹೆಚ್ಚುವರಿ ಇದ್ದದ್ದೂ ಮಳೆಗಾಲದ ತೇವಕ್ಕೆ ಹಾಳಾಗಿತ್ತು. ನಟರಾಜ ಎರಡನ್ನೂ ಒಂದು ವಾರ ಇಟ್ಟುಕೊಂಡು ಬಿಚ್ಚಿ ನೋಡಿದ.

"ಮೇಡಂ, ಒಳಗಿನ ತಗಡನ್ನ ಉಪ್ಪು ತಿಂದುಹಾಕಿದೆ" ಎಂದ. "ಕೂದಲಿನಷ್ಟು ತೆಳು ಅದು. ಅದನ್ನ ಮಾಡೋ ಸಲಕರಣೆ ನಮ್ಮಲ್ಲೂ ಇಲ್ಲ. ಸುಮ್ನೆ ಆಸೆ ಹುಟ್ಟಿಸಬಾರದು. ಇದು ಆಗಲ್ಲ."

"ಬೇರೆ ಕಂಪನಿಯ ಗುಂಡಿ ಹಾಕಿದರೆ?"

"ಹಾಕಿ ನೋಡಿದೆ. ಕೂರಲ್ಲ. ಕೂತರೂ ಶಬ್ದ ಸಾಲಲ್ಲ."

ಯಜ್ಞನಾರಾಯಣ ಡೆನ್ಮಾರ್ಕಿಗೆ ಬರೆದ. ಆ ಮಾದರಿ ಈಗ ತಯಾರಾಗುವುದಿಲ್ಲ, ನಿಮಗೆ ಹತ್ತಿರದ ಅಂಗಡಿ ಕುವೈತಿನಲ್ಲಿದೆ ಎಂದು ಉತ್ತರ ಬಂತು. ಬೊಂಬಾಯಿಗೆ ಹೋಗಿ ಇಲ್ಲಿಯೇ ತಯಾರಾದ ಒಂದು ಯಂತ್ರ ತಂದ. ಅದು ಸ್ವಲ್ಪ ಕಿವುಡು ಇದ್ದವರಿಗೆ ಆಗುವಂಥದ್ದು. ಪ್ರೇಮ ಹಾಕಿಕೊಂಡು, ತಟ್ಟಿ, ಮತ್ತೆ ತಟ್ಟಿ, ತೆಗೆದಿಟ್ಟಳು. ಸರಿಯಾದ ಯಂತ್ರ ಹೊರದೇಶದಿಂದ ತರಿಸುವ ಪರವಾನಗಿಗೆ ಹಾಕಿದ ಅರ್ಜಿ ಎಲ್ಲಿ ಹೋಯಿತೋ ತಿಳಿಯಲಿಲ್ಲ.

"ಮಮ್ಮಿ, ಶಾಪ್" ಎಂದಳು ಪ್ರೇಮ ಒಂದು ಬೆಳಿಗ್ಗೆ. ಸತ್ತ ಪೆಟ್ಟಿಗೆಯನ್ನು ತೋರಿಸಿ, "ಗೋ ಶಾಪ್" ಎಂದಳು. ಅಂಗಡಿ ಮುಚ್ಚಿದೆ ಎಂದು ದಾಕ್ಷಾಯಣಿ ತುಟಿ ಬಿಡಿಸಿ ಹೇಳಿದಳು. ಕಾಗದದಲ್ಲಿ ಬರೆದಳು. ಪ್ರೇಮ ಒಪ್ಪಲಿಲ್ಲ. ಎಷ್ಟೋ ಸಲ ಹಾಳಾದಾಗ ಅಮ್ಮ ಖಾನೆ ತೆರೆದು ಸರಿಮಾಡಿಕೊಟ್ಟದ್ದನ್ನು ನೋಡಿದವಳು. ಈಗ ಬೇಕೆಂದೇ ಕೊಡುತ್ತಿಲ್ಲ ಎಂದುಕೊಂಡಳೋ ಏನೋ, ಊಟ ಬಿಟ್ಟು ಕುಳಿತಳು. ದಾಕ್ಷಾಯಣಿ ಅವಳನ್ನು ಅಂಗಡಿಯಿದ್ದ ನಾಲ್ಕುರಸ್ತೆಯ ಜಂಕ್ಷನ್ನಿಗೆ ಕರೆದುಕೊಂಡು ಹೋದಳು. ಗಾಜಿನ ಬಾಗಿಲು ಹಾಗೆಯೇ ಇತ್ತು. ಒಳಗೆ ಸೀರೆಗಳನ್ನು ಇಳಿಬಿಟ್ಟಿದ್ದರು. ಪ್ರೇಮ ಗಾಜಿಗೆ ಮುಖವಿಟ್ಟು ಬಹಳ ಹೊತ್ತು ನೋಡಿದಳು. ಬಟ್ಟೆ ಅಂಗಡಿಯವನು ಹೊರಗೆ ಬಂದು ಏನು ಬೇಕೆಂದು ಕೇಳಿದ. ಏನೂ ಬೇಡವೆಂದು ದಾಕ್ಷಾಯಣಿ ಮಗಳ ಭುಜ ಹಿಡಿದು ತಿರುಗಿಸಿದಳು.

ಆಮೇಲಿನ ವರ್ಷದಲ್ಲಿ ಪ್ರೇಮಳ ಮಾತು ಸ್ವಲ್ಪ ಸ್ವಲ್ಪವೇ ಕೆಟ್ಟಿತು. ತನ್ನ ದನಿ ತನಗೇ ಕೇಳಿಸದೆ ಒಮ್ಮೆ ಕೂಗುತ್ತಿದ್ದಳು, ಒಮ್ಮೆ ಬರೀ ಗಾಳಿ ಬರುತ್ತಿತ್ತು. ಶಬ್ದಗಳ ತುದಿ ಉದುರಿಹೋದವು. ಬಸ್ಸಿನಲ್ಲಿ ಜನ ತಿರುಗಿ ನೋಡಿದರು. ಹಾಗೆ ನೋಡುವುದು ಅವಳಿಗೆ ತಿಳಿಯತೊಡಗಿದ ಮೇಲೆ ಮಾತೇ ಕಡಿಮೆಯಾಯಿತು. ಕಾನ್ವೆಂಟಿನ ಸಿಸ್ಟರು ಯಜ್ಞನಾರಾಯಣನನ್ನು ಕರೆಸಿ, ಮಗು ಒಳ್ಳೆಯದು, ಆದರೆ ಏನೂ ಹತ್ತುತ್ತಿಲ್ಲ, ಬೇರೆ ಕಡೆ ನೋಡಿ ಎಂದರು.

ಶಾಲೆ ಬಿಟ್ಟ ಮೇಲಿನ ಒಂದು ಮಧ್ಯಾಹ್ನ ತಾಯಿ ಮಗಳು ಊಟದ ಎಲೆಗಳ ಮುಂದೆ ಕುಳಿತಿದ್ದರು. ಮಜ್ಜಿಗೆ ಬೇಕೇ ಎಂದು ದಾಕ್ಷಾಯಣಿ ಕೇಳಿದಳು. ಪ್ರೇಮ ಅವಳ ಬಾಯಿಯನ್ನೇ ನೋಡುತ್ತ ಕುಳಿತಳು. ಇನ್ನೊಮ್ಮೆ ಕೇಳಿದಳು. ಅರ್ಥವಾಗಲಿಲ್ಲ. ದಾಕ್ಷಾಯಣಿ ಕೈ ಎತ್ತಿ, ಹಗ್ಗ ಹಿಡಿದು ಮೊಸರು ಕಡೆಯುವಂತೆ ಎರಡು ಮುಷ್ಟಿಯನ್ನು ಹಿಂದೆ ಮುಂದೆ ಆಡಿಸಿದಳು. ಅತ್ತೆ ಮಾಡುತ್ತಿದ್ದದ್ದು ಅದು.

ಪ್ರೇಮಳ ಮುಖ ಬಿಗಿಯಿತು. ಅವಳು ಬಾಗಿಲ ಕಡೆ ನೋಡಿದಳು, ಯಾರಾದರೂ ಕಂಡರೋ ಎಂಬಂತೆ. ಆಮೇಲೆ ಎದ್ದು ಬಂದು ತಾಯಿಯ ಎರಡೂ ಕೈಗಳನ್ನು ಒಟ್ಟಿಗೆ ಹಿಡಿದು ಮಡಿಲಲ್ಲಿ ಇಟ್ಟು ಅದುಮಿದಳು. "ಸೇ" ಎಂದಳು. ದನಿ ಸರಿಯಾಗಿ ಬರಲಿಲ್ಲ. "ಸೇ."

ದಾಕ್ಷಾಯಣಿ ಮತ್ತೆಯೂ ಪ್ರಯತ್ನಿಸಿದಳು, ಅಂದು ಮಾತ್ರವಲ್ಲ. ಪ್ರತಿ ಸಲವೂ ಹುಡುಗಿ ನಾಚಿಕೆಯಿಂದ ಮುಖ ತಿರುಗಿಸುತ್ತಿದ್ದಳು.

ಕಿವುಡು ಮಕ್ಕಳ ಶಾಲೆಯೊಂದಕ್ಕೆ ಸೇರಿಸಿ ನೋಡಿದರು. ಅವಳ ವಯಸ್ಸಿನವರ ತರಗತಿಯಲ್ಲಿ ನಡೆಯುವುದೆಲ್ಲ ಮಲಯಾಳದಲ್ಲಿ. ಅವಳಿಗೆ ಮಲಯಾಳದ ಒಂದಕ್ಷರವೂ ಗೊತ್ತಿರಲಿಲ್ಲ. ಹಾಗಾಗಿ ಸಣ್ಣ ಮಕ್ಕಳ ಜೊತೆ ಕೂರಿಸಿದರು. ಟೀಚರು ಆಚೆ ಹೋದ ಕೂಡಲೇ ಮಕ್ಕಳೆಲ್ಲ ಕೈಯಲ್ಲಿ ಮಾತಿಗೆ ತೊಡಗುತ್ತಿದ್ದರು. ಪ್ರೇಮ ಗೋಡೆಗೆ ಒರಗಿ ಅವರನ್ನು ನೋಡದಂತೆ ಕುಳಿತಿರುತ್ತಿದ್ದಳು. ಒಂದು ತಿಂಗಳಾದ ಮೇಲೆ ಬೆಳಿಗ್ಗೆ ಬಸ್ಸು ಹತ್ತಲು ಒಪ್ಪಲಿಲ್ಲ. ಯಜ್ಞನಾರಾಯಣ ಎಳೆದ, ಬೈದ, ಕೊನೆಗೆ ಅವಳ ಚೀಲ ಹೊತ್ತುಕೊಂಡು ಮನೆಗೆ ಕರೆತಂದ.

ಫಿಲೋಮಿನ ಬಂದದ್ದು ಆ ದಿನಗಳಲ್ಲೇ. ಹೇಗೋ ಮನೆ ವಿಚಾರಿಸಿಕೊಂಡು ಬಂದು ಅಂಗಳದಲ್ಲಿ ನಿಂತಿದ್ದಳು. ಯಂತ್ರವನ್ನು ಒಗೆದ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ದಾಕ್ಷಾಯಣಿ ತೆಗೆದಿಟ್ಟಿದ್ದ ವಯರನ್ನು ಹಾಕಿ ನೋಡಿದಳು. ತಪ್ಪು ವಯರಿನಲ್ಲಿರಲಿಲ್ಲ.

"ಆಗುವುದಿಲ್ಲ ಅಕ್ಕ" ಎಂದು ತಲೆ ಆಡಿಸಿದಳು.

ಫಿಲೋಮಿನ ಕೇಳಿಸಿಕೊಳ್ಳಲಿಲ್ಲ, ಆದರೆ ತಿಳಿದುಕೊಂಡಳು. "ನೀನು ಕೊಟ್ಟಿದ್ದಲ್ಲವಾ ಮೋಳೇ" ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ದಾಕ್ಷಾಯಣಿ ಯಂತ್ರವನ್ನು ಬಟ್ಟೆಯಲ್ಲಿ ಮೊದಲಿನಂತೆಯೇ ಸುತ್ತಿ ಅವಳ ಕೈಗೆ ಕೊಟ್ಟಳು. ಏಲಂ ಬಿಟ್ಟೆ, ಈಗ ಬಲೆ ಒಣಗಿಸುವ ಕೆಲಸಕ್ಕೆ ಹೋಗುತ್ತೇನೆ ಎಂದು ಹೇಳಿ, ಕೊಟ್ಟ ಚಹಾ ಕುಡಿದು ಫಿಲೋಮಿನ ಹೋದಳು. ಹಾಗೆಯೇ ಇನ್ನೂ ಕೆಲವರು ಬಂದರು. ಬರಬರುತ್ತ ಗೇಟಿನ ಸದ್ದಾದರೆ ದಾಕ್ಷಾಯಣಿ ಹಿಂದಿನ ಬಾಗಿಲಿನಿಂದ ಬಾವಿಯ ಕಡೆಗೆ ಹೋಗಿಬಿಡುತ್ತಿದ್ದಳು.

೧೯೭೯ರಲ್ಲಿ ಮೋಹನ ಎಂಬ ಮದ್ರಾಸಿನ ಯುವಕ ಕಾರಿನಲ್ಲಿ ಬಂದ. ಕೊಳ್ಳೇಗಾಲದ ಕಡೆಯವನಂತೆ, ಕನ್ನಡದಲ್ಲೇ ಮಾತಾಡಿದ. ಒಂದು ಜರ್ಮನ್ ಕಂಪನಿ ಮದ್ರಾಸಿನವರ ಪಾಲುದಾರಿಕೆಯಲ್ಲಿ ಅಂಗಡಿಗಳನ್ನು ತೆರೆಯುತ್ತಿದೆ, ಉಳ್ಳೂರಿನಲ್ಲಿ ಜಾಗ ನೋಡಿಯಾಗಿದೆ, ದಾಕ್ಷಾಯಣಿಯವರ ಹೆಸರನ್ನು ಎಲ್ಲರೂ ಹೇಳುತ್ತಾರೆ ಎಂದ. ಚೀಲದಿಂದ ಹೊಸ ಯಂತ್ರ ತೆಗೆದ. ಎದೆಯ ಪೆಟ್ಟಿಗೆ ಇಲ್ಲ, ವಯರಿಲ್ಲ. ಗೋಡಂಬಿಯ ಹಾಗೆ ಕಿವಿಯ ಹಿಂದೆ ಕೂರುವಂಥದ್ದು.

"ಮಗಳಿಗೆ ಒಂದ್ಸಲ ಹಾಕಿ ನೋಡೋಣ್ವಾ ಮೇಡಂ? ಹಳೇದಕ್ಕಿಂತ ಜಾಸ್ತಿ ಪವರ್ ಇದೆ."

ಪ್ರೇಮಳಿಗೆ ಹದಿನಾಲ್ಕು. ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದವಳನ್ನು ದಾಕ್ಷಾಯಣಿ ಕರೆತಂದಳು. ಮೋಹನ ಯಂತ್ರ ಕೂರಿಸಿ ಗುಂಡಿ ತಿರುಗಿಸಿದ. ದಾಕ್ಷಾಯಣಿ ಮಗಳ ಬೆನ್ನ ಹಿಂದೆ ನಿಂತು ಹೆಸರು ಕರೆದಳು.

ಪ್ರೇಮ ತಲೆ ತಗ್ಗಿಸಿದಳು, ಯಾರೋ ಹೊಡೆಯಲು ಬಂದಂತೆ. ಕೇಳಿಸಿತ್ತು. ಆದರೆ ತಿರುಗಲಿಲ್ಲ. ಇನ್ನೊಮ್ಮೆ ಕರೆದಾಗ ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು. ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು. ಅದಕ್ಕೂ ತಾಯಿಯ ದನಿಗೂ ಅವಳ ಮುಖದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಸ್ವಲ್ಪ ಹೊತ್ತು ಸಹಿಸಿಕೊಂಡು ಕುಳಿತಳು, ಮೊದಲಿನಿಂದಲೂ ಹೇಳಿದಂತೆ ಕೇಳುವ ಹುಡುಗಿ. ಆಮೇಲೆ ಯಂತ್ರವನ್ನು ಜಾಗ್ರತೆಯಿಂದ ತೆಗೆದು, ಒರೆಸಿ, ಮೋಹನನ ಅಂಗೈಯಲ್ಲಿಟ್ಟು ಹಿತ್ತಲಿಗೆ ಹೋದಳು.

"ತುಂಬಾ ದಿನ ಗ್ಯಾಪ್ ಆಗಿದೆ ಅಷ್ಟೆ" ಎಂದ ಮೋಹನ. "ದಿನಾ ಅಭ್ಯಾಸ ಮಾಡಿಸಿದರೆ ನಾಲ್ಕೈದು ವರ್ಷದಲ್ಲಿ..."

"ಗೊತ್ತುಂಟು" ಎಂದಳು ದಾಕ್ಷಾಯಣಿ.

"ನೀವು ಅಂಗಡಿಗೆ ಬರ್ತೀರಾ ಮೇಡಂ? ಸಂಬಳ ನೀವು ಹೇಳಿದಷ್ಟು. ನಿಮ್ಮ ಹಳೇ ಗಿರಾಕಿಗಳೆಲ್ಲ ನಿಮ್ಮನ್ನ ನೋಡಿದ್ರೆ ಧೈರ್ಯವಾಗಿ ಬರ್ತಾರೆ."

"ಹೌದು, ಬರ್ತಾರೆ" ಎಂದು ಅವಳು ಹೇಳಿದಳು. ಹಿತ್ತಲ ಕಡೆ ನೋಡಿ, "ನಾನು ಬರುವುದಿಲ್ಲ" ಎಂದಳು. ಅವನು ಕಾರಣ ಕೇಳಿದ. ಅವಳು ಕಾಫಿ ತರುತ್ತೇನೆಂದು ಎದ್ದು ಒಳಗೆ ಹೋದಳು. ಕಾಫಿ ಕುಡಿದು ಅವನು ತನ್ನ ವಿಳಾಸದ ಕಾರ್ಡನ್ನು ಮೇಜಿನ ಮೇಲಿಟ್ಟು ಹೊರಟ.

ಸಂಜೆ ಯಜ್ಞನಾರಾಯಣ ಬ್ಯಾಂಕಿನಿಂದ ಬಂದು ಕುರ್ಚಿಯ ಮೇಲೆ ಶರಟು ಹಾಕಿದ.

"ಕಾರು ಬಂದಿತ್ತಂತೆ. ಯಾರು?"

"ಯಾರೋ ಕಂಪನಿಯವರು. ಅಂಗಡಿ ತೆರೀತಾರಂತೆ."

"ಎಲ್ಲಿ?"

"ಇಲ್ಲೇ. ಜಂಕ್ಷನ್ನಿನಲ್ಲಿ."

ಪ್ರೇಮ ಒಣಗಿದ ಬಟ್ಟೆಗಳನ್ನು ತಂದು ಮಂಚದ ಮೇಲೆ ಹಾಕಿ ಮಡಚತೊಡಗಿದಳು. ಯಜ್ಞನಾರಾಯಣ ತನ್ನ ಪಂಚೆ ಎಲ್ಲಿ ಎಂದು ಅವಳನ್ನು ಕೇಳಿದ, ಉತ್ತರಕ್ಕೆ ಕಾಯದೆ ರಾಶಿಯಿಂದ ತಾನೇ ಹುಡುಕಿ ತೆಗೆದುಕೊಂಡ.